ಜಿಬಿ ಅಗ್ಗ, ಸಿಮ್ ತುಟ್ಟಿ

ಪೇಪರಿನ ವಾಣಿಜ್ಯ ಪುಟ ಓದುವವರಿಗೆ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಭಾರತದ ಟೆಲಿಕಾಂ ಮಾರುಕಟ್ಟೆಗೆ ಒಳ್ಳೆ ದಿನ ಬಂದಿವೆ, ಮುಂದೆ ಇನ್ನೂ ಚಲೋ ಅದ ಅಂತ. ಯಾಕಂದ್ರೆ ‘ಎಆರ್‌ಪಿಯು’ ಏರ್ತಾ ಇದೆ. ಹೆಸರು ಕೇಳಿ ಗಾಬರಿ ಆಗಬ್ಯಾಡ್ರಿ, ರೈತನಿಗೆ ತಿಳಿಯದ ಲೆಕ್ಕ ಏನಲ್ಲ. ಎಕರೆಗೆ ಎಷ್ಟು ಕ್ವಿಂಟಲ್ ತೊಗರಿ ಬಂತು ಅಂತ ನಾವು ನೋಡ್ತೀವಲ್ಲ, ಹಂಗೇ ಒಬ್ಬ ಗಿರಾಕಿಯಿಂದ ತಿಂಗಳಿಗೆ ಎಷ್ಟು ರೂಪಾಯಿ ಬಂತು ಅಂತ ಕಂಪನಿಯವರು ನೋಡ್ತಾರೆ. ನಮ್ಮದು ಎಕರೆ ಇಳುವರಿ, ಅವರದು ತಲೆ ಇಳುವರಿ. 2025ರಲ್ಲಿ ಈ ಇಳುವರಿ ಏರ್‌ಟೆಲ್‌ಗೆ 250 ರೂಪಾಯಿ ಮುಟ್ಟಿತು, ಜಿಯೋಗೆ 210ರ ಆಸುಪಾಸು. ಅದು 300 ಆಗಬೇಕು ಅಂತ ಏರ್‌ಟೆಲ್‌ನವರು ವರ್ಷಗಳಿಂದ ಮುಚ್ಚುಮರೆ ಇಲ್ಲದೆ ಹೇಳ್ತಾ ಬಂದಿದ್ದಾರೆ.

ಅಂದ್ರೆ ಇಲ್ಲಿ ಹೊಲ ನಾವೇ. ಉಳುವವರು, ರಾಶಿ ಮಾಡುವವರು ಅವರು. ‘ಮಾರುಕಟ್ಟೆ ಭವಿಷ್ಯ ಉಜ್ವಲ’ ಅಂತ ಬರೆದದ್ದನ್ನ ಹುಡಗಿಯ ಹೊಲದ ಬದುವಿನ ಮೇಲೆ ಕೂತು ಓದಿದರೆ ಅರ್ಥ ಒಂದೇ: ನಿಮ್ಮ ರೀಚಾರ್ಜ್ ಇನ್ನೂ ಏರುತ್ತದೆ.

ಇದಕ್ಕೆ ಕೂಡಲೇ ಬರುವ ಉತ್ತರ ನನಗೆ ಗೊತ್ತು. ‘ಜಗತ್ತಿನಲ್ಲೇ ಅತಿ ಅಗ್ಗದ ಡೇಟಾ ಸಿಗೋ ದೇಶಗಳಲ್ಲಿ ನಮ್ಮದೂ ಒಂದು, ಇನ್ನೇನು ಬೇಕು ನಿಮಗೆ?’ ಖರೇ ಮಾತು. ತೊಂಬತ್ತರ ದಶಕದಲ್ಲಿ ಮೊಬೈಲ್ ಬಂದಾಗ ಒಂದು ನಿಮಿಷಕ್ಕೆ 16 ರೂಪಾಯಿ 80 ಪೈಸೆ ತನಕ ಇತ್ತು, ಬಂದ ಕಾಲ್‌ಗೂ ರೊಕ್ಕ ಕೊಡಬೇಕಿತ್ತು. ಈಗ ಪುಣೆಯಲ್ಲಿ ಕೂಲಿ ಮಾಡುವ ಹುಡುಗ ಊರಲ್ಲಿರೋ ಆಯಿಯ ಮುಖ ನೋಡಿ ಅರ್ಧ ತಾಸು ಮಾತಾಡ್ತಾನೆ. ಇದನ್ನ ಇಲ್ಲ ಅನ್ನೋದು ಅನ್ಯಾಯ.

ಆದ್ರೆ ಜಿಬಿ ಲೆಕ್ಕದ ಅಗ್ಗ ಒಂದು, ಬಾಗಿಲು ದಾಟುವ ಖರ್ಚು ಇನ್ನೊಂದು. ನಾನು ಕೇಳ್ತಿರೋದು ಎರಡನೆಯದು. ಸಿಮ್ ಜೀವಂತ ಇಡೋದಕ್ಕೆ, ಒಂದು ಕಾಲ್ ಬರೋದಕ್ಕೆ, ಒಂದು ಒಟಿಪಿ ಬರೋದಕ್ಕೆ ಕಡಿಮೆ ಅಂದ್ರೆ ಎಷ್ಟು ಕೊಡಬೇಕು?

2018ಕ್ಕೆ ಮೊದಲು ಈ ಪ್ರಶ್ನೆಯೇ ಇರಲಿಲ್ಲ. ‘ಲೈಫ್‌ಟೈಮ್’ ಸಿಮ್ ಅಂತ ಇತ್ತು. ಹತ್ತು ರೂಪಾಯಿ ಹಾಕಿಸಿದ್ರೆ ತಿಂಗಳುಗಟ್ಟಲೆ ಒಳಬರುವ ಕಾಲ್ ಪುಕ್ಕಟೆ. ಬೋರ್‌ಗೆ ಕರೆಂಟ್ ಬಂತು ಅನ್ನೋದಕ್ಕೆ ಒಂದು ಮಿಸ್ಡ್ ಕಾಲ್, ಗಾಡಿ ಬಂತು ಅನ್ನೋದಕ್ಕೆ ಎರಡು ಮಿಸ್ಡ್ ಕಾಲ್. 2018ರ ಕೊನೆಗೆ ಕಂಪನಿಗಳು ಕನಿಷ್ಠ ರೀಚಾರ್ಜ್ ಅಂತ ತಂದವು. ಏರ್‌ಟೆಲ್‌ನದ್ದೇ ಲೆಕ್ಕ ತಗೊಳ್ರಿ: ಆಗ 28 ದಿನಕ್ಕೆ 35 ರೂಪಾಯಿ. 2021ರ ಕೊನೆಗೆ 99. 2023ರಲ್ಲಿ ನಮ್ಮ ಕರ್ನಾಟಕದಲ್ಲಿ 155. 2024ರ ಜುಲೈನಿಂದ 199. 35ಕ್ಕೂ 199ಕ್ಕೂ ದಿನ ಮಾತ್ರ ಅದೇ 28.

ಅದೇ ಅವಧಿಗೆ ನಮ್ಮ ತೊಗರಿಯ ಬೆಂಬಲ ಬೆಲೆ ನೋಡ್ರಿ. 2018-19ರಲ್ಲಿ ಕ್ವಿಂಟಲ್‌ಗೆ 5,675 ರೂಪಾಯಿ, 2024-25ರಲ್ಲಿ 7,550. ಏರಿದ್ದು ಮೂರನೇ ಒಂದು ಪಾಲು. ಸಿಮ್ಮಿನ ಬಾಗಿಲು ದರ ಏರಿದ್ದು ಐದೂವರೆ ಪಟ್ಟಿಗೂ ಜಾಸ್ತಿ. ತೊಗರಿಗೂ ಇದೇ ಲೆಕ್ಕ ಹಿಡಿದಿದ್ದರೆ ಕ್ವಿಂಟಲ್‌ಗೆ 32,000 ರೂಪಾಯಿ ಆಗಬೇಕಿತ್ತು! ಅದೂ ಬೆಂಬಲ ಬೆಲೆಯ ಮಾತು. ಅಡತಿ ಅಂಗಡಿಯಲ್ಲಿ ಸಿಗೋದು ಎಷ್ಟು ಅಂತ ನಿಮಗೇ ಗೊತ್ತು.

‘35 ರೂಪಾಯಿಗೆ ಸ್ವಲ್ಪ ಟಾಕ್‌ಟೈಮ್ ಇತ್ತು, 199ಕ್ಕೆ ಅನ್‌ಲಿಮಿಟೆಡ್ ಕಾಲ್ ಅದ, 2 ಜಿಬಿ ಡೇಟಾ ಅದ’ ಅಂತಾರೆ. ಇರಲಿ. ಕೇಳಿದವರ್‍ಯಾರು? ಗೊಬ್ಬರದ ಅಂಗಡಿಯಲ್ಲಿ ‘ಲಿಂಕ್’ ಅಂತ ನಡೀತದಲ್ಲ, ಅದೇ ಕಥೆ ಇದು. ಯೂರಿಯಾ ಬೇಕಂದ್ರೆ ಜೊತೆಗೆ ಇನ್ನೊಂದು ಬಾಟಲಿ ತಗೊಳ್ಳಲೇಬೇಕು, ನಿನಗೆ ಬೇಕೋ ಬ್ಯಾಡೋ ಕೇಳಂಗಿಲ್ಲ. ಕೀಪ್ಯಾಡ್ ಫೋನ್ ಇಟ್ಟುಕೊಂಡ ಎಪ್ಪತ್ತು ವರ್ಷದ ಮುತ್ಯಾಗೆ 2 ಜಿಬಿ ಡೇಟಾ ಯಾಕ್ರಿ? ಲಿಂಕ್ ಗೊಬ್ಬರ ಮಾರಿದ್ರೆ ಕೃಷಿ ಅಧಿಕಾರಿಗೆ ದೂರು ಕೊಡಬಹುದು. ಲಿಂಕ್ ಡೇಟಾಕ್ಕೆ ‘ಆಫರ್’ ಅಂತ ಹೆಸರು.

ಟ್ರಾಯ್‌ಗೂ ಇದು ತಿಳಿದಿತ್ತು. ಬರೀ ಕಾಲ್ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಆದೇಶ ಮಾಡಿತು. ಒಳ್ಳೆ ಆದೇಶ, ಆದ್ರೆ ದರ ಎಷ್ಟಿರಬೇಕು ಅಂತ ಮಾತ್ರ ಹೇಳಲಿಲ್ಲ. 2025ರ ಜನವರಿಯಲ್ಲಿ ಪ್ಯಾಕ್ ಬಂದವು. ಏರ್‌ಟೆಲ್‌ನದು 84 ದಿನಕ್ಕೆ 469, ವರ್ಷಕ್ಕೆ 1,849. ಡೇಟಾ ತೆಗೆದ್ರು, ದರ ಹೆಚ್ಚುಕಮ್ಮಿ ಅಲ್ಲೇ ಉಳೀತು. ಅದೂ 1,849 ಒಂದೇ ಸಲಕ್ಕೆ ಕೊಡಬೇಕು. ರಾಶಿ ಆದ ತಿಂಗಳು ಸರಿ, ಬಿತ್ತನೆ ತಿಂಗಳಲ್ಲಿ ಎಲ್ಲಿಂದ ತರೋದು?

ಇನ್ನು 28 ದಿನದ ಆಟ. ವರ್ಷಕ್ಕೆ 12 ತಿಂಗಳು, ರೀಚಾರ್ಜ್ 13. 199ರ ಲೆಕ್ಕದಲ್ಲಿ ಒಂದು ಸಿಮ್‌ಗೆ ವರ್ಷಕ್ಕೆ 2,587 ರೂಪಾಯಿ. ಮನೆಯಲ್ಲಿ ಮೂರು ಸಿಮ್ ಇದ್ರೆ 7,761. ಪಿಎಂ ಕಿಸಾನ್ ಅಂತ ಸರ್ಕಾರ ವರ್ಷಕ್ಕೆ ಕೊಡೋದು 6,000. ಮೂರು ಕಂತಿನ ಸಹಾಯ ಮೂರು ಸಿಮ್ಮಿನ ಬಾಯಿಗೂ ಸಾಲಲ್ಲ. ಆ ಕಂತು ಬರಬೇಕಂದ್ರೆ ಇ-ಕೆವೈಸಿ ಆಗಿರಬೇಕು, ಫೋನಿನಲ್ಲೇ ಮಾಡೋದಾದ್ರೆ ಒಟಿಪಿ ಬರಬೇಕು, ಒಟಿಪಿ ಬರಬೇಕಂದ್ರೆ ಸಿಮ್ ನಡೀತಿರಬೇಕು.

ನನ್ನ ಸಿಟ್ಟಿನ ಬೇರು ಇರೋದು ಇಲ್ಲಿ. ಸಿನೆಮಾ ಟಿಕೆಟ್ ತುಟ್ಟಿ ಆದ್ರೆ ಸಿನೆಮಾ ಬಿಡಬಹುದು. ಫೋನ್ ಬಿಡುವಂಗಿಲ್ಲ, ಯಾಕಂದ್ರೆ ಬಿಡದಂಗೆ ಕಟ್ಟಿ ಹಾಕಿದ್ದು ಸರ್ಕಾರ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ. ನರೇಗಾ ಕೂಲಿಯ ಹಾಜರಿಯನ್ನ 2023ರ ಜನವರಿಯಲ್ಲಿ ಆ್ಯಪ್‌ಗೆ ಹಚ್ಚಿದರು, ದಿನಕ್ಕೆ ಎರಡು ಸಲ ಫೋಟೋ. ಬ್ಯಾಂಕಿನ ಸಂದೇಶ, ಪಿಂಚಣಿ, ಗೃಹಲಕ್ಷ್ಮಿ ರೊಕ್ಕ ಬಂತೋ ಇಲ್ಲೋ ಅನ್ನೋದು, ಎಲ್ಲಾ ಒಂದು ನಂಬರಿಗೆ ಗಂಟು. ಆ ನಂಬರ್ ಕೈಬಿಟ್ಟರೆ ಆಧಾರ್‌ನಲ್ಲಿ ಮತ್ತೆ ನಂಬರ್ ಬದಲಿಸಬೇಕು. ಒಂದು ಕೈಯಲ್ಲಿ ಕಡ್ಡಾಯ ಮಾಡೋದು, ಇನ್ನೊಂದು ಕೈಯಲ್ಲಿ ‘ದರ ಮಾರುಕಟ್ಟೆಗೆ ಬಿಟ್ಟದ್ದು’ ಅನ್ನೋದು, ಇದು ಎಲ್ಲಿಯ ನ್ಯಾಯ?

ಬೆಳೆ ವಿಮೆಯ ವಿಷಯ ಕೇಳ್ರಿ. ಆಲಿಕಲ್ಲು ಬಿದ್ದರೆ, ಕೊಯ್ದು ಹರಡಿದ ಸೋಯಾ ಮಳೆಗೆ ಸಿಕ್ಕರೆ 72 ತಾಸಿನೊಳಗೆ ತಿಳಿಸಬೇಕು. ಈ ವರ್ಷ ನಮ್ಮ ಜಿಲ್ಲೆಯಲ್ಲಿ ಮಳೆ ಹೆಂಗ ಹೊಡೀತು ಅಂತ ಎಲ್ಲರೂ ಕಂಡೀರಿ. ಆ ದಿನಗಳಲ್ಲಿ ನಮ್ಮ ಹೊಲದ ಕಡೆಯ ಒಂದು ಟವರ್ ಕರೆಂಟ್ ಹೋದ ಸ್ವಲ್ಪ ಹೊತ್ತಿಗೇ ಸಾಯ್ತಿತ್ತು. ಬ್ಯಾಟರಿ ಹಳೇದು, ಡೀಸೆಲ್ ಹಾಕುವವರಿಲ್ಲ. ಯಾವ ಕಂಪನಿ ಅಂತ ಹೇಳೋದು ಬ್ಯಾಡ, ಇದು ಒಬ್ಬರ ರೋಗ ಅಲ್ಲ. ಪಕ್ಕದ ಹೊಲದ ಕಾಕಾ ಕೆಸರಲ್ಲಿ ಹೆದ್ದಾರಿ ತನಕ ನಡೆದು ಬಂದು ಸಹಾಯವಾಣಿಗೆ ಫೋನ್ ಹಚ್ಚಿದ. ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ ಸಿಗ್ನಲ್ ತುಂಬಿ ತುಳುಕ್ತದ, ಕಾರಿನವರಿಗೆ ಬೇಕಲ್ಲ. ಬೆಳೆ ಮುಳುಗೋದು ಹೊಲದಾಗ.

ಹಾಗಾದ್ರೆ ಪರಿಹಾರ? ನಿಯಮ ಇದೆ. ಟ್ರಾಯ್‌ನ 2024ರ ಗುಣಮಟ್ಟದ ನಿಯಮದ ಪ್ರಕಾರ ಸೇವೆ 24 ತಾಸಿಗಿಂತ ಹೆಚ್ಚು ನಿಂತ್ರೆ ಗಿರಾಕಿಗೆ ಪರಿಹಾರ ಕೊಡಬೇಕು, ಪ್ರೀಪೇಯ್ಡ್‌ನವರಿಗೆ ಅಷ್ಟು ದಿನ ವ್ಯಾಲಿಡಿಟಿ ಮುಂದಕ್ಕೆ ಹಾಕಬೇಕು. ಆದ್ರೆ ಲೆಕ್ಕ ಹಿಡಿಯೋದು ಜಿಲ್ಲಾ ಮಟ್ಟದಲ್ಲಿ! ಬೀದರ್ ಜಿಲ್ಲೆಯ ಲೆಕ್ಕದಲ್ಲಿ ನಮ್ಮೂರಿನ ಒಂದು ಟವರ್ ನಾಲ್ಕು ದಿನ ಸತ್ತದ್ದು ಕಾಣೋದೇ ಇಲ್ಲ. ಬೆಳೆ ವಿಮೆಯಲ್ಲಿ ರೈತರು ಇದೇ ಜಗಳ ಆಡಿ ಮುಖ್ಯ ಬೆಳೆಗಳ ಘಟಕವನ್ನ ಗ್ರಾಮ ಪಂಚಾಯ್ತಿ ಮಟ್ಟಕ್ಕೆ ಇಳಿಸಿಕೊಂಡೆವು. ಸಿಗ್ನಲ್ ವಿಷಯದಲ್ಲಿ ಇನ್ನೂ ಆ ಜಗಳ ಶುರುವೇ ಆಗಿಲ್ಲ.

ಈಗ ಮಾರುಕಟ್ಟೆಗೆ ಬರೋಣ. ಯಾರ್ಡ್‌ನಲ್ಲಿ ತೊಗರಿ ಲಿಲಾವು ನೋಡಿದವರಿಗೆ ನಾನು ಪಾಠ ಹೇಳಬೇಕಾಗಿಲ್ಲ. ಹತ್ತು ಮಂದಿ ಖರೀದಿದಾರರು ನಿಂತ ದಿನದ ದರ ಬ್ಯಾರೆ, ಇಬ್ಬರೇ ನಿಂತ ದಿನದ ದರ ಬ್ಯಾರೆ. ಇಬ್ಬರೂ ಒಳಗೊಳಗೆ ಮಾತಾಡಿಕೊಂಡಿದ್ದಾರೆ ಅಂತ ಆರೋಪ ಮಾಡಬೇಕಾಗಿಲ್ಲ, ಒಬ್ಬರ ಮುಖ ಒಬ್ಬರು ನೋಡಿದ್ರೆ ಸಾಕು. ಫೋನಿನಲ್ಲೂ ಹಂಗೇ ಆಯ್ತು. 2010ರ ಹೊತ್ತಿಗೆ ದೇಶದಲ್ಲಿ ಡಜನ್ ಮೇಲೆ ಕಂಪನಿ ಇದ್ದವು. ಸೆಕೆಂಡಿಗೆ ಒಂದು ಪೈಸೆ ಅಂತ ಟಾಟಾ ಡೊಕೊಮೊ ಬಂದದ್ದು 2009ರಲ್ಲಿ, ಉಳಿದವರೂ ಅದೇ ದಾರಿ ಹಿಡಿದರು. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು, ತಿಂಗಳುಗಟ್ಟಲೆ ಪುಕ್ಕಟೆ ಕೊಟ್ಟಿತು. ನಾವೂ ಕುಣಿದಾಡಿ ಸಿಮ್ ತಗೊಂಡೆವು. ಅನಿಲ್ ಅಂಬಾನಿಯ ರಿಲಯನ್ಸ್ ಹೋಯ್ತು, ಏರ್‌ಸೆಲ್ ದಿವಾಳಿ ಎದ್ದಿತು, 2018ರ ಆಗಸ್ಟ್‌ನಲ್ಲಿ ವೊಡಾಫೋನ್–ಐಡಿಯಾ ಕೂಡಿದವು, 2019ರಲ್ಲಿ ಟಾಟಾ ಏರ್‌ಟೆಲ್‌ನಲ್ಲಿ ಕರಗಿತು. ಈಗ ನೂರು ಗಿರಾಕಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಜಿಯೋ, ಏರ್‌ಟೆಲ್ ಎರಡರಲ್ಲೇ ಇದ್ದಾರೆ.

ಪುಕ್ಕಟೆಯ ಕಾಲದಲ್ಲಿ ಕೊಟ್ಟದ್ದನ್ನ ವಾಪಸ್ ತಗೊಳ್ಳೋ ಕಾಲ ಇದು. 2019ರ ಡಿಸೆಂಬರ್, 2021ರ ಕೊನೆ, 2024ರ ಜುಲೈ, ಮೂರು ಸಲವೂ ಒಬ್ಬರು ಏರಿಸಿದ ಒಂದು ವಾರದೊಳಗೆ ಉಳಿದವರೂ ಏರಿಸಿದರು. 2025ರ ಆಗಸ್ಟ್‌ನಲ್ಲಿ ಇಬ್ಬರೂ ದಿನಕ್ಕೆ 1 ಜಿಬಿಯ 249ರ ಪ್ಯಾಕ್ ತೆಗೆದರು. ಅದೇ ತಿಂಗಳು ಜಿಯೋ ತಾನು 2026ರ ಮೊದಲ ಅರ್ಧದಲ್ಲಿ ಷೇರು ಮಾರುಕಟ್ಟೆಗೆ ಇಳಿಯುವುದಾಗಿ ಹೇಳಿತು. ಸಂತೆಗೆ ಎತ್ತು ಹೊಡೆಯುವವನು ಮೊದಲು ಕೊಂಬು ಕೆತ್ತಿ ಬಣ್ಣ ಹಚ್ಚುತ್ತಾನೆ. ಇಲ್ಲಿ ಬಣ್ಣ ಅಂದ್ರೆ ನಮ್ಮ ತಲೆ ಇಳುವರಿ. ಹಾಗಾಗಿ ಮುಂದಿನ ಒಂದೆರಡು ವರ್ಷ ದರ ಇಳಿಯುತ್ತದೆ ಅಂತ ಯಾರಾದ್ರೂ ಹೇಳಿದ್ರೆ ನಾನು ನಂಬಲ್ಲ.

ಕಂಪನಿಗಳದ್ದಷ್ಟೇ ತಪ್ಪು ಅಂತ ನಾನು ಹೇಳಲ್ಲ. ಮೇಲಿನ ಪಾಲು ಸರ್ಕಾರದ್ದು. ತರಂಗಾಂತರವನ್ನ ಗುತ್ತಿಗೆ ಹೊಲದಂತೆ ಹರಾಜು ಹಾಕಿ 2022ರಲ್ಲಿ ಒಂದೂವರೆ ಲಕ್ಷ ಕೋಟಿ ರೂಪಾಯಿ ಬಿಡ್ ತಗೊಂಡಿತು. ಹೆಚ್ಚಿನ ಗುತ್ತಿಗೆ ಕೊಟ್ಟವನು ಹೊಲದಿಂದಲೇ ಎತ್ತಬೇಕಲ್ಲ? ಮೇಲೆ ಲೈಸೆನ್ಸ್ ಶುಲ್ಕ ಶೇಕಡಾ 8, ಅದರಲ್ಲಿ 5 ‘ಹಳ್ಳಿಗಳಿಗೆ ಸಂಪರ್ಕ’ದ ಹೆಸರಿನ ನಿಧಿಗೆ. ಮೊದಲು ಯುಎಸ್‌ಒ ನಿಧಿ ಅಂತಿದ್ದರು, ಈಗ ಡಿಜಿಟಲ್ ಭಾರತ್ ನಿಧಿ. ಅದರ ಮೇಲೆ ನಮ್ಮ ರೀಚಾರ್ಜ್‌ಗೆ 18 ಜಿಎಸ್‌ಟಿ. 199 ಕೊಟ್ಟರೆ ಅದರಲ್ಲಿ 30 ರೂಪಾಯಿ ತೆರಿಗೆಯೇ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿಸಿದ್ರು, ಸಂತೋಷ. ಟ್ರ್ಯಾಕ್ಟರ್ ಎಷ್ಟು ಮನೆಯಲ್ಲಿವೆ, ಫೋನ್ ಎಷ್ಟು ಮನೆಯಲ್ಲಿವೆ? ರೀಚಾರ್ಜ್ ಮೇಲಿನ 18 ಹಂಗೇ ಕೂತಿದೆ.

ಇನ್ನೊಂದು ತಮಾಷೆ. ‘ಮಾರುಕಟ್ಟೆಗೆ ಕೈ ಹಾಕಲ್ಲ’ ಅನ್ನೋ ಇದೇ ಸರ್ಕಾರ ವೊಡಾಫೋನ್ ಐಡಿಯಾದ ಬಾಕಿಯನ್ನ ಷೇರು ಮಾಡಿಕೊಂಡು 2025ರ ಏಪ್ರಿಲ್‌ನಿಂದ ಆ ಕಂಪನಿಯಲ್ಲಿ ಶೇಕಡಾ 49ರ ಹತ್ತಿರ ಪಾಲು ಇಟ್ಟುಕೊಂಡಿದೆ. ಬಿಎಸ್‌ಎನ್‌ಎಲ್ ಅಂತೂ ಪೂರ್ತಿ ಅದರದ್ದೇ. ನಾಲ್ಕು ಅಂಗಡಿಯಲ್ಲಿ ಒಂದು ಪೂರ್ತಿ, ಇನ್ನೊಂದು ಅರ್ಧ ತನ್ನದಿದ್ದೂ ತೂಕದ ಬಗ್ಗೆ ಕೇಳಿದ್ರೆ ‘ನಮಗೇನು ಸಂಬಂಧ’ ಅನ್ನುತ್ತದೆ.

ಬಿಎಸ್‌ಎನ್‌ಎಲ್ ಕಥೆ ಹೇಳುವಾಗ ಹೊಟ್ಟೆ ಉರೀತದ. ಸಿ-ಡಾಟ್‌ನವರು ದೇಶದಲ್ಲೇ ಕಟ್ಟಿದ ಹಳ್ಳಿ ಎಕ್ಸ್‌ಚೇಂಜ್ ಮೊದಲು ಕೂತದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ, 1986ರಲ್ಲಿ. 128 ಲೈನಿನ ಡಬ್ಬಿ, ಎಸಿ ಬೇಕಿಲ್ಲ, ನಮ್ಮ ಬಿಸಿಲು ಧೂಳಿಗೇ ಮಾಡಿದ್ದು. ಊರೂರಿಗೆ ಫೋನ್ ಹೋದದ್ದು ಆ ದಾರಿಯಲ್ಲಿ. ಅದೇ ಸರ್ಕಾರಿ ವ್ಯವಸ್ಥೆಗೆ 4ಜಿ ಬಂದದ್ದು ಯಾವಾಗ? ಏರ್‌ಟೆಲ್ 4ಜಿ ಬೆಂಗಳೂರಿಗೆ ಬಂದದ್ದು 2012ರಲ್ಲಿ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ದೇಶಕ್ಕೆಲ್ಲ ಅಂತ ಉದ್ಘಾಟನೆ ಆದದ್ದು 2025ರ ಸೆಪ್ಟೆಂಬರ್ 27ರಂದು. ಹದಿಮೂರು ವರ್ಷ! ನಡುವೆ 2020ರಲ್ಲಿ ಸುಮಾರು 78,000 ನೌಕರರನ್ನ ಸ್ವಯಂ ನಿವೃತ್ತಿ ಅಂತ ಮನೆಗೆ ಕಳಿಸಿದರು. ಲೈನ್‌ಮನ್ ಹೋದ, ಅವನ ಜೊತೆ ಯಾವ ಕಂಬ ಎಲ್ಲಿದೆ ಅನ್ನೋ ತಿಳಿವಳಿಕೆಯೂ ಹೋಯ್ತು.

ಜನಕ್ಕೆ ಬಿಎಸ್‌ಎನ್‌ಎಲ್ ಬೇಡ ಅಂತ ಯಾರೂ ಹೇಳಬ್ಯಾಡ್ರಿ. 2024ರ ಜುಲೈನಲ್ಲಿ ಮೂವರೂ ದರ ಏರಿಸಿದಾಗ ಅದೇ ತಿಂಗಳು 29 ಲಕ್ಷ, ಮರು ತಿಂಗಳು 25 ಲಕ್ಷ ಗಿರಾಕಿಗಳು ಬಿಎಸ್‌ಎನ್‌ಎಲ್‌ಗೆ ಕೂಡಿಕೊಂಡರು. ಕೆಲವೇ ತಿಂಗಳಲ್ಲಿ ಆ ಹೊಳೆ ಹಿಂದಕ್ಕೆ ಹರಿಯಿತು, ಯಾಕಂದ್ರೆ ಬಂದವರಿಗೆ ನೆಟ್‌ವರ್ಕ್ ಸಿಗಲಿಲ್ಲ. ಮಂದಿ ಬಾಗಿಲಿಗೆ ಬಂದಿದ್ರು, ಒಳಗೆ ದೀಪ ಇರಲಿಲ್ಲ. ಈಗ ಸಿ-ಡಾಟ್ ಮತ್ತು ಬೆಂಗಳೂರಿನ ತೇಜಸ್ ಕಂಪನಿಯ ಸಾಮಾನು ಹಾಕಿ ಸುಮಾರು ಒಂದು ಲಕ್ಷ ಟವರ್ ನಿಲ್ಲಿಸಿದ್ದಾರೆ. ಮೆಚ್ಚುತ್ತೇನೆ. ಆದ್ರೆ ಟವರ್ ನಿಲ್ಲಿಸೋದು ಬೋರ್ ಕೊರೆಸಿದಂಗೆ, ಮೋಟಾರ್ ಕೆಟ್ಟಾಗ ಎತ್ತೋರು ಯಾರು ಅನ್ನೋದೇ ಪ್ರಶ್ನೆ. ಬ್ಯಾಟರಿ, ಡೀಸೆಲ್, ಮನುಷ್ಯ, ಈ ಮೂರು ಇಲ್ಲದಿದ್ರೆ ಅದೂ ಕಬ್ಬಿಣದ ಕಂಬವೇ.

‘ಟ್ರಾಯ್ ದರಕ್ಕೆ ಕೈ ಹಾಕುವಂಗಿಲ್ಲ’ ಅನ್ನುವವರಿಗೆ ನಮ್ಮ ಗಡಿಯ ಉತ್ತರ ಒಂದಿದೆ. ಬಸವಕಲ್ಯಾಣ ದಾಟಿ ಉಮರ್ಗಾ ಕಡೆ ಹೋದ್ರೆ ಮಹಾರಾಷ್ಟ್ರ ಸರ್ಕಲ್, ಜಹೀರಾಬಾದ್ ಕಡೆ ಹೋದ್ರೆ ಆಂಧ್ರ ಸರ್ಕಲ್. ಬೀಗರ ಮನೆಗೆ ಹೋದ್ರೂ ರೋಮಿಂಗ್ ಕಡಿತಿತ್ತು. ಆ ರೋಮಿಂಗ್ ದರಕ್ಕೆ ಮೇಲ್ಮಿತಿ ಹಾಕಿದ್ದು ಟ್ರಾಯ್, 2015ರಲ್ಲಿ ಆ ಮಿತಿಯನ್ನ ಇನ್ನೂ ಇಳಿಸಿದ್ದೂ ಟ್ರಾಯ್. 1997ರ ಟ್ರಾಯ್ ಕಾಯ್ದೆ ಅದಕ್ಕೆ ದರ ನಿಗದಿ ಮಾಡುವ ಅಧಿಕಾರ ಕೊಟ್ಟಿದೆ. ಅಧಿಕಾರ ಇದೆ, ಉಪಯೋಗಿಸ್ತಾ ಇಲ್ಲ. ಅಷ್ಟೇ.

ಎಲ್ಲಾ ದರ ಸರ್ಕಾರವೇ ಕಟ್ಟಲಿ ಅಂತ ನಾನು ಕೇಳ್ತಿಲ್ಲ. 5ಜಿ, ಸಿನೆಮಾ, ಕ್ರಿಕೆಟ್, ಅವೆಲ್ಲಾ ಮಾರುಕಟ್ಟೆಯವರೇ ನೋಡಿಕೊಳ್ಳಲಿ. ಕೇಳೋದು ಇಷ್ಟು:

ಒಂದು, ಸಿಮ್ ಜೀವಂತ, ಒಳಬರುವ ಕಾಲ್, ಎಸ್‌ಎಂಎಸ್ ಒಟಿಪಿ, ಜೊತೆಗೆ ದಿನಕ್ಕೆ ಸ್ವಲ್ಪ ಮಾತು. ಇಷ್ಟಕ್ಕೆ ತಿಂಗಳಿಗೆ 50 ರೂಪಾಯಿ ಮೀರದ ಪ್ಯಾಕ್ ಎಲ್ಲ ಕಂಪನಿಯೂ ಕೊಡಲಿ. ನಷ್ಟ ಆಗ್ತದ ಅಂದ್ರೆ ಹಳ್ಳಿಯ ಹೆಸರಲ್ಲಿ ಎತ್ತಿದ ಆ ನಿಧಿ ಇದೆಯಲ್ಲ, ಅದರಿಂದ ತುಂಬಲಿ.

ಎರಡು, ಆ ಪ್ಯಾಕ್‌ಗೆ ಜಿಎಸ್‌ಟಿ 5 ಮೀರಬಾರದು, ತಿಂಗಳು ಅಂದ್ರೆ ತಿಂಗಳು, 28 ದಿನ ಅಲ್ಲ.

ಮೂರು, ಸಿಗ್ನಲ್ ಹೋದದ್ದರ ಲೆಕ್ಕ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಹಿಡಿಯಲಿ. ಯಾವ ಟವರ್ ತಿಂಗಳಿಗೆ ಎಷ್ಟು ತಾಸು ಬಂದ್ ಇತ್ತು ಅಂತ ಪಂಚಾಯ್ತಿ ಗೋಡೆಗೆ ಹಚ್ಚಲಿ.

ನಾಲ್ಕು, ಟವರ್ ಸತ್ತಿದ್ದ ತಾಸುಗಳನ್ನ ವಿಮೆಯ 72 ತಾಸಿನಲ್ಲಿ ಎಣಿಸಬಾರದು. ರೈತ ಸಂಪರ್ಕ ಕೇಂದ್ರದಲ್ಲಿ ಕಾಗದದ ಅರ್ಜಿ ತಗೊಂಡು ಸ್ವೀಕೃತಿ ಕೊಡಲಿ.

ಐದು, ಬಿಎಸ್‌ಎನ್‌ಎಲ್ ಟವರ್‌ಗಳಿಗೆ ಬ್ಯಾಟರಿ, ಹೋಬಳಿಗೊಬ್ಬ ಮನುಷ್ಯ. ಬಲವಾದ ಮೂರನೇ ಅಂಗಡಿ ಇದ್ರೆ ಮಾತ್ರ ಉಳಿದಿಬ್ಬರ ತಕ್ಕಡಿ ಸರಿ ಇರ್ತದ.

ಪಟ್ಟಣದಲ್ಲಿ ನೂರು ಜನಕ್ಕೆ 130ರ ಮೇಲೆ ಫೋನ್ ಸಂಪರ್ಕ, ಹಳ್ಳಿಯಲ್ಲಿ 60ರ ಆಸುಪಾಸು ಅಂತ ಟ್ರಾಯ್‌ನ 2024ರ ಲೆಕ್ಕವೇ ಹೇಳುತ್ತದೆ. ಉಳಿದವರು ಫೋನ್ ಬ್ಯಾಡ ಅಂದವರಲ್ಲ. ತಜ್ಞರು ‘ಬೆಳವಣಿಗೆಗೆ ಅವಕಾಶ’ ಅಂತ ಬರೆಯೋದು ಅವರನ್ನ ನೋಡಿಯೇ. ಬಾಗಿಲು ದರ 199 ಇಟ್ಟುಕೊಂಡು ಅವರು ಹೆಂಗ ಒಳಗೆ ಬರ್ತಾರೆ ಅಂತ ಮಾತ್ರ ಯಾರೂ ಬರೆಯೋದಿಲ್ಲ.

ಒಂದು ಕೆಲಸ ನಮ್ಮಿಂದಲೇ ಆಗಬೇಕು. ಮಳೆ ಲೆಕ್ಕ ಬರೆದಿಡುವ ವಹಿ ನಿಮ್ಮ ಮನೆಯಲ್ಲಿದ್ರೆ ಅದರಲ್ಲೇ ಇನ್ನೊಂದು ಸಾಲು ಎಳೀರಿ. ಸಿಗ್ನಲ್ ಯಾವ ದಿನ, ಎಷ್ಟು ಗಂಟೆಗೆ ಹೋಯ್ತು, ಯಾವಾಗ ಬಂತು, ಯಾವ ಸಿಮ್. ಮೂರು ತಿಂಗಳು ಬರೀರಿ. ಮುಂದಿನ ಗ್ರಾಮಸಭೆಗೆ ಆ ಹಾಳೆ ತಗೊಂಡು ಬಂದು ಠರಾವು ಬರೆಸೋಣ, ಒಂದು ಪ್ರತಿ ಟ್ರಾಯ್‌ಗೆ, ಒಂದು ನಮ್ಮ ಸಂಸದರಿಗೆ. ಹುಡಗಿಯವರು ನಮ್ಮ ಹಾಳೆ ತರ್ತೀವಿ. ಹುಮನಾಬಾದ್, ಬಸವಕಲ್ಯಾಣ, ಭಾಲ್ಕಿ ಕಡೆಯವರು ನಿಮ್ಮದು ತಯಾರು ಮಾಡ್ರಿ, ಮಾಡ್ತೀವಿ ಅನ್ನುವವರು ಊರ ಹೆಸರು ಕೆಳಗೆ ಬರೀರಿ.